ಅವ್ವ ನುಂಗಿದ ಕೆಮ್ಮು

ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತಿದ್ದದ್ದೇ. ಹುಮನಾಬಾದಿನಲ್ಲಿ ಹೈವೇ ಪಕ್ಕಕ್ಕೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ನನ್ನದು. ಗಿರಾಕಿ ಎರಡನೇ ಸಲ ಬೆಲೆ ಕೇಳಿದರೆ ನನ್ನ ಮುಖ ಕೆಂಪಗಾಗುತ್ತಿತ್ತು, ಮತ್ತೊಮ್ಮೆ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ಬಸವಕಲ್ಯಾಣದ ಮನೆಗೆ ಬಂದರೆ ಉಳಿದ ಸಿಟ್ಟೆಲ್ಲ ಚಹಾದ ಕಪ್ಪಿನ ಮೇಲೆ, ಟಿವಿಯ ಮೇಲೆ, ಹೆಂಡತಿಯ ಮೇಲೆ. ಬಿಪಿ ಏರಿದೆ, ಸಿಟ್ಟು ಕಡಿಮೆ ಮಾಡಿ ಎಂದ ಡಾಕ್ಟರ ಮೇಲೂ ರೇಗಿ ಬಂದವನು ನಾನು.

ಪ್ರಾಣಾಯಾಮಕ್ಕೆ ಎಳೆದುಕೊಂಡು ಹೋದವರು ಅಂಗಡಿಯ ಹಿಂದಿನ ಸಾಲಿನಲ್ಲಿರುವ ನಿವೃತ್ತ ಡ್ರಿಲ್ ಮಾಸ್ತರರು. ತಮ್ಮ ಮನೆಯ ಮಾಳಿಗೆಯ ಮೇಲೆ ಅವರು ಯೋಗ ಕಲಿಸುತ್ತಾರೆ. ಮೊದಲ ದಿನವೇ ನನ್ನ ಮೂಗಿನ ಕೆಳಗೆ ಬೆರಳಿಟ್ಟು ನೋಡಿ, "ನಿಮ್ಮದು ಬಲಗಡಿ ಉಸರು ಭಾಳ ಜೋರ್ ನಡದದ ನೋಡ್ರಿ. ಸೂರ್ಯನಾಡಿ. ಎಡಗಡಿ ಚಂದ್ರ ಮಲಗಿಬಿಟ್ಟಾನ. ಅವನ್ನ ಎಬ್ಬಸಬೇಕು" ಎಂದರು. ನನಗೆ ನಗು ಬಂತು. ಆದರೂ ಕೂತೆ.

ಎಡ ಹೊಳ್ಳೆಯಿಂದ ಉಸಿರು ಎಳೆದುಕೊಳ್ಳುವುದು, ತಡೆದು ಹಿಡಿಯುವುದು, ಬಲದಿಂದ ಬಿಡುವುದು. ಮತ್ತೆ ಬಲದಿಂದ ಎಳೆದು ಎಡದಿಂದ ಬಿಡುವುದು. ಎರಡೂ ಕಡೆ ಉಸಿರು ಸಮವಾದಾಗ ನಡುವಿನ ಸುಷುಮ್ನೆಯ ದಾರಿ ತೆರೆಯುತ್ತದೆ, ಮನಸ್ಸು ಅಲ್ಲಿ ತಾನಾಗಿಯೇ ನಿಲ್ಲುತ್ತದೆ ಎಂದು ಮಾಸ್ತರರು ಹೇಳಿದರು. ಮನೆಯಲ್ಲಿ ದಿನಾ ಬೆಳಿಗ್ಗೆ ಕೂಡಬೇಕು, ಜಾಗ ಮಾತ್ರ ಗದ್ದಲವಿಲ್ಲದ್ದಿರಬೇಕು ಎಂದೂ ಹೇಳಿದರು.

ಗದ್ದಲ ನಿಲ್ಲಿಸುವುದು ನನ್ನಂಥವನಿಗೆ ಯಾವ ದೊಡ್ಡ ಮಾತು? ಹೊರಕೋಣೆಯಲ್ಲಿ ಚಾಪೆ ಹಾಸಿ, "ನಾ ಕುಂತಾಗ ಯಾರೂ ಪಿಟಕ್ ಅನ್ನಬಾರ್ದು" ಎಂದು ಮನೆಗೆಲ್ಲ ಕೇಳುವ ಹಾಗೆ ಕೂಗಿದೆ. ಶಾಂತಿಗಾಗಿ ಹಾಕಿದ ಕೂಗು ಅದು. ಆ ವಾರವೇ ಒಂದು ಬೆಳಿಗ್ಗೆ ಅಡುಗೆಮನೆಯಿಂದ ಅವ್ವನ ಕೆಮ್ಮು ಕೇಳಿಸಿದಾಗ ಎದ್ದು ಹೋಗಿ, "ಜರಾ ಹೊತ್ತು ಸುಮ್ಮ ಇರಾಕ ಆಗಲ್ಲೇನು?" ಎಂದು ಬಾಗಿಲು ಎಳೆದುಕೊಂಡು ಬಂದಿದ್ದೆ. ಅವ್ವನಿಗೆ ದಮ್ಮು. ಚಳಿ ಬಿದ್ದರೆ ಬೆಳಗಿನ ಹೊತ್ತು ಕೆಮ್ಮು ಹೆಚ್ಚು. ಇದು ನನಗೆ ಗೊತ್ತಿಲ್ಲದ್ದೇನಲ್ಲ.

ನಮ್ಮ ಮನೆಯಲ್ಲಿ ಮೊದಲಿನಿಂದ ಒಂದು ರೂಢಿ. ಯಾರಾದರೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ ಉಳಿದವರು ಸಪ್ಪಳ ಮಾಡುವುದಿಲ್ಲ. ಅಪ್ಪ ಇದ್ದಾಗ, ಅವನ ಪೂಜೆ ಮುಗಿಯುವ ತನಕ ಅವ್ವ ಬಳೆಗಳನ್ನು ಮೊಣಕೈಗೇರಿಸಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ಅದೇ ರೂಢಿಯನ್ನು ಅವಳು ನನ್ನ ಮೂಗಿನ ಕಸರತ್ತಿಗೂ ಹಚ್ಚಿದಳು. ಅಂಗೈಯಲ್ಲಿ ಲಿಂಗವಿಲ್ಲದಿದ್ದರೂ, ಕಣ್ಣು ಮುಚ್ಚಿ ಕೂತ ಮಗ ಅವಳ ಪಾಲಿಗೆ ಪೂಜೆಗೆ ಕೂತವನೇ. ಕೆಮ್ಮು ನಿಂತುಹೋಯಿತು. ಯಾಕೆ ನಿಂತಿತು ಎಂದು ನಾನು ಕೇಳಲಿಲ್ಲ.

ಅಭ್ಯಾಸದ ಫಲ ಸಿಕ್ಕಿತು, ಅದನ್ನು ಇಲ್ಲವೆನ್ನಲಾರೆ. ಒಂದು ಬೆಳಿಗ್ಗೆ ಎರಡೂ ಹೊಳ್ಳೆಗಳಲ್ಲಿ ಉಸಿರು ಒಂದೇ ಸಮ ಹರಿಯಿತು. ಬೆನ್ನಿನಲ್ಲಿ ಹಿತವಾದ ಬಿಸುಪು ಮೇಲಕ್ಕೇರಿತು. ಒಳಗೂ ಹೊರಗೂ ಒಂದೇ ಮೌನ. ಕಣ್ಣಲ್ಲಿ ನೀರು ಬಂತು. ಅದೇ ದಿನ ಅಂಗಡಿಯಲ್ಲಿ ದುಬಲಗುಂಡಿಯ ಗಿರಾಕಿಯೊಬ್ಬ ಒಂದೇ ಬೇರಿಂಗನ್ನು ಮತ್ತೆ ಮತ್ತೆ ಬದಲಾಯಿಸಿಕೊಂಡ. ನಾನು ಅವನಿಗೆ ಚಹಾ ತರಿಸಿದೆ. ಪಕ್ಕದ ಅಂಗಡಿಯವರು ಗಾಬರಿಯಾಗಿ, "ಯಾಕ್ರಿ ಸಾವ್ಕಾರ್, ತಬೇತ ಬರೋಬ್ಬರ ಇಲ್ಲೇನು?" ಎಂದು ಕೇಳಿದರು. ಮಾಸ್ತರರಂತೂ ಹೊಸದಾಗಿ ಬಂದವರ ಮುಂದೆ ನನ್ನನ್ನು ನಿಲ್ಲಿಸಿ, "ಇವರನ್ನ ನೋಡ್ರಿ. ಹ್ಯಾಂಗಿದ್ದವರು ಹ್ಯಾಂಗಾದ್ರು!" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ, ಒಳಗೊಳಗೇ ಉಬ್ಬುತ್ತಿದ್ದೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಉಸಿರು ತಡೆದು ಕೂತಿದ್ದಾಗ ಹಿತ್ತಲಲ್ಲಿ ಸ್ಟೀಲಿನ ತಂಬಿಗೆ ಠಣಾರನೆ ಬಿತ್ತು. ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರದಿದ್ದುದಕ್ಕೆ ನನ್ನನ್ನು ನಾನೇ ಮೆಚ್ಚಿಕೊಳ್ಳುತ್ತ, ಮೆತ್ತಗೆ ಒಂದು ಮಾತು ಹೇಳಿ ಬರೋಣವೆಂದು ಹಿತ್ತಲ ಬಾಗಿಲು ತೆರೆದೆ.

ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಎರಡೂ ಕೈಯಲ್ಲಿ ಮೊಣಕಾಲು ಬಿಗಿಹಿಡಿದಿದ್ದಳು. ಮೈ ಜಗ್ಗಿ ಜಗ್ಗಿ ಬರುತ್ತಿತ್ತು, ಆದರೆ ಸಪ್ಪಳವೇ ಇಲ್ಲ. ಕಣ್ಣಾಲಿ ಮೇಲಕ್ಕೇರಿ ನೀರು ಸುರಿಯುತ್ತಿತ್ತು. ನನ್ನ ಹೆಂಡತಿ ಅವಳ ಬೆನ್ನು ನೀವುತ್ತಿದ್ದಳು, ಕಾಲ ಹತ್ತಿರ ಬಿಸಿನೀರಿನ ತಂಬಿಗೆ ಉರುಳಿಬಿದ್ದಿತ್ತು. ನನ್ನನ್ನು ಕಂಡು ಇಬ್ಬರೂ ಬೆಚ್ಚಿದರು.

ಅವ್ವ ಸೆರಗು ತೆಗೆದು, ಉಸಿರು ಸಿಕ್ಕಷ್ಟು ಸಿಕ್ಕಂತೆ, "ತಪ್ಪಾತು ತಮ್ಮಾ, ಕೈ ಜಾರ್ತು. ನೀ ಹೋಗು, ಕುಂಡ್ರು ಹೋಗು" ಎಂದಳು.

"ದಿನಾ ಹಿಂಗೇ ಮಾಡ್ತಾರ," ಎಂದಳು ಹೆಂಡತಿ. "ನೀವು ಚಾಪಿ ಹಾಸಿದ ಕೂಡ್ಲೆ ಇವರು ಹೊರಗ ಬರ್ತಾರ."

"ಮತ್ತ ನೀ ಯಾಕ ಹೇಳಲಿಲ್ಲ?"

"ಯಾರಿಗಿ ಹೇಳಬೇಕ್ರಿ? ನಿಮಗಾ?"

ಬೆನ್ನಿನಲ್ಲಿ ಬಿಸುಪು ಏರಿದ ಆ ಬೆಳಿಗ್ಗೆ ನೆನಪಾಯಿತು. ಆ ದಿನದ ಮೌನ ನನ್ನ ಸಾಧನೆಯೆಂದುಕೊಂಡಿದ್ದೆ. ಗೋಡೆಯ ಆಚೆ ಇದೇ ಕಲ್ಲಿನ ಮೇಲೆ, ಚಳಿಯಲ್ಲಿ, ಅವ್ವ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದಳಲ್ಲ. ನನ್ನ ಉಸಿರು ಸಮವಾಗಲೆಂದು ಅವಳ ಉಸಿರು ಕಟ್ಟಿತ್ತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಅಂದೇ ಅವ್ವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎದೆಗೆ ಸ್ಟೆತೊಸ್ಕೋಪ್ ಇಟ್ಟು, "ಒಮ್ಮೆ ಕೆಮ್ಮರಿ ಅಮ್ಮಾ" ಎಂದರು. ಅವ್ವ ಕೆಮ್ಮಲಿಲ್ಲ. ನನ್ನ ಮುಖ ನೋಡಿದಳು. ನಾನು "ಹೂಂ ಅವ್ವ" ಎಂದ ಮೇಲೆ ಕೆಮ್ಮಿದಳು. ನೆಲ ಬಾಯಿಬಿಡಬಾರದೇ ಅನಿಸಿತು. ಎದೆಯಲ್ಲಿ ಕಫ ತುಂಬಿಕೊಂಡಿದೆ, ಕೆಮ್ಮು ಬಂದಾಗ ತಡೆಯಲೇಬಾರದು, ಚಳಿಗೆ ಹೊರಗೆ ಕೂಡಬಾರದು ಎಂದು ಹೇಳಿ ಡಾಕ್ಟರು ಬಾಯಿಂದ ಔಷಧಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು.

ನಾನು ಚಾಪೆ ಸುತ್ತಿಟ್ಟೆ. ಅದರಿಂದ ಎಲ್ಲ ಸರಿಯಾಗುತ್ತದೆ ಅಂದುಕೊಂಡಿದ್ದೆ. ಕೆಲವೇ ದಿನಗಳಲ್ಲಿ ಹಳೆಯ ಸಿಟ್ಟು ಹೊರಳಿ ಬಂತು. ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ತಟ್ಟೆ ಸರಿಸಿ ಎದ್ದಾಗ ಅವ್ವನೇ ಚಾಪೆ ತಂದು ಹಾಸಿದಳು. "ನೀ ಕುಂಡ್ರು ತಮ್ಮಾ. ನೀ ಕುಂತ್ರ ಮನಿ ಛಲೋ ಇರ್ತದ. ನನಗೇನೂ ತಕಲೀಫ್ ಇಲ್ಲ." ಎದುರಿಗೇ ಕೂಡು, ಬಾಯಿ ತುಂಬ ಕೆಮ್ಮು ಎಂದು ಅವಳನ್ನು ಬೇಡಿಕೊಂಡು ಒಂದು ದಿನ ಕೂತೆ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದರೆ ಸೆರಗು ಬಾಯಲ್ಲಿತ್ತು.

ಈಗ ಬೆಳಗಿನ ಮೊದಲ ಬಸ್ಸಿಗೆ ಹುಮನಾಬಾದಿಗೆ ಹೋಗಿ ಮಾಸ್ತರರ ಮಾಳಿಗೆಯ ಮೇಲೆಯೇ ಕೂಡುತ್ತೇನೆ. ಉಸಿರು ಹೆಚ್ಚು ಹೊತ್ತು ತಡೆಯಲಾಗುವುದಿಲ್ಲ. ತಡೆದ ಕೂಡಲೇ ಅವ್ವನ ಕಣ್ಣು ಎದುರಿಗೆ ಬರುತ್ತದೆ, ಗಡಬಡಿಸಿ ಬಿಟ್ಟುಬಿಡುತ್ತೇನೆ. ಮಾಸ್ತರರು ಇನ್ನೂ ಹೊಸಬರಿಗೆ ನನ್ನನ್ನು ತೋರಿಸುತ್ತಾರೆ. ಸಾಕು ಮಾಡ್ರಿ ಎಂದರೆ ಅದನ್ನೂ ವಿನಯವೆಂದುಕೊಳ್ಳುತ್ತಾರೆ.

ಮನೆಯಲ್ಲಿ ಅವ್ವ ಆರಾಮಾಗಿ ಕೆಮ್ಮುತ್ತಿರಬಹುದು ಎಂಬ ಸಮಾಧಾನ ನನಗಿತ್ತು. ಆದರೆ ರಾತ್ರಿ ಊಟಕ್ಕೆ ಕೂತಾಗ, ರವಿವಾರ ಪೇಪರ್ ಓದುವಾಗ, ಅವಳ ಕೆಮ್ಮು ಕೇಳಿದ್ದೇ ಇಲ್ಲ. ಪಂಪಿನ ಗುಣವಿರಬೇಕು ಅಂದುಕೊಂಡೆ.

ಮೊನ್ನೆ ಬೆಳಿಗ್ಗೆ ಹೊರಟಾಗ ಗೇಟು ಹಾಕಿ, ಚಪ್ಪಲಿಯ ಉಂಗುಷ್ಟ ಸಡಿಲಾಗಿದೆಯೆಂದು ಕಾಂಪೌಂಡಿನ ಹೊರಗೆ ಬಗ್ಗಿದ್ದೆ. ಕಿಟಕಿಯಿಂದ ಹೆಂಡತಿಯ ದನಿ ಬಂತು.

"ಹೋದ್ರು ಅತ್ತಿ. ಈಗ ಕೆಮ್ಮರಿ."

ಅವ್ವ ಕೆಮ್ಮತೊಡಗಿದಳು. ರಾತ್ರಿಯಿಡೀ ತಡೆದಿಟ್ಟಿದ್ದ ಕೆಮ್ಮು, ಬಹಳ ಹೊತ್ತು ಬಂತು. ಮುಗಿಯುವ ತನಕ ನಾನು ಗೋಡೆಯ ಆಚೆ ನಿಂತಿದ್ದೆ. ಒಳಗೆ ಹೋದರೆ ನಿಲ್ಲಿಸಿಬಿಡುತ್ತಾಳೆ.