ಹಗೇವಿನಲ್ಲಿಟ್ಟ ಚಹಾ

ಭೂತ, ಪಿಶಾಚಿ, ಸತ್ತ ಹಿರಿಯರ ಸುಳಿದಾಟ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ಹೋಗುವ ಮುಂಚೆ ಒಂದು ಕುಹಕದ ಮಾತಾಡಿಯೇ ಹೋಗುವುದು ನನ್ನ ಚಾಳಿ. ಸೊಲ್ಲಾಪುರದಲ್ಲಿ ನನ್ನದು ನೂಲಿನ ಅಂಗಡಿ. ಎಳೆಯನ್ನು ಬೆಳಕಿಗೆ ಹಿಡಿದು, ಜಗ್ಗಿ ನೋಡಿ ಕೊಳ್ಳುವವನಿಗೆ ಕಾಣದ್ದನ್ನು ನಂಬಲು ಪುರುಸೊತ್ತೆಲ್ಲಿ? ಈಗ ನಾನು ಹೇಳುವುದನ್ನು ಕೇಳಿ ನೀವೂ ಎದ್ದು ಹೋದರೆ ನನಗೆ ಸಿಟ್ಟಿಲ್ಲ. ಆದರೆ ಇದರಲ್ಲಿ ನನ್ನದೊಂದು ತಪ್ಪು ಸೇರಿಕೊಂಡಿದೆ. ಅದನ್ನು ಮುಚ್ಚಿಟ್ಟು ಈ ಸಂಗತಿ ಹೇಳಲು ಬರುವುದಿಲ್ಲ, ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಪ್ರತಿ ಚಳಿಗಾಲಕ್ಕೆ ಒಬ್ಬ ಚೀನಾದವನು ರೇಷ್ಮೆಯ ಗಂಟು ಹೊತ್ತು ನಮ್ಮ ಪೇಟೆಗೆ ಬರುತ್ತಿದ್ದ. ಅವನ ಹೆಸರು ನಮ್ಮ ನಾಲಿಗೆಯಲ್ಲಿ ಹೊರಳದು, ಹೀಗಾಗಿ ಎಲ್ಲರಿಗೂ ಅವನು ಚೀನಿಸೇಠ. ಮಧ್ಯಾಹ್ನ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಗಂಟಿನಿಂದ ಒಂದು ಕಪ್ಪು ಬಿಲ್ಲೆ ತೆಗೆದು, ದಬ್ಬಣದಿಂದ ಒಂದಿಷ್ಟು ಎಬ್ಬಿಸಿ, ನಮ್ಮ ನೀರಿನಲ್ಲಿ ಕುದಿಸಿಕೊಂಡು ಕುಡಿಯುತ್ತಿದ್ದ. ಹಾಲಿಲ್ಲ, ಸಕ್ಕರೆಯಿಲ್ಲ. ಒಂದು ದಿನ ನನಗೂ ಕೊಟ್ಟ. ಮೊದಲ ಗುಟುಕಿಗೆ ಉಗುಳಬೇಕೆನಿಸಿತು. ಮೂರನೆಯದಕ್ಕೆ ಮೊದಲ ಮಳೆಗೆ ನೆನೆದ ಎರೆಮಣ್ಣಿನ ವಾಸನೆ ಗಂಟಲಿಗೆ ಇಳಿದು, ಅಲ್ಲಿಂದ ನಾನು ಕೆಟ್ಟೆ. ಮರುವರ್ಷದಿಂದ ಅವನು ಕಲಕತ್ತೆಯಿಂದ ನನಗೆಂದೇ ತರತೊಡಗಿದ. ಏಳೇಳು ಬಿಲ್ಲೆ ಒಂದರ ಮೇಲೊಂದು ಪೇರಿಸಿ, ಬಿದಿರಿನ ಸಿಪ್ಪೆಯಲ್ಲಿ ಸುತ್ತಿ ಕಟ್ಟಿದ ಕಟ್ಟುಗಳು. ಪ್ರತಿ ಬಿಲ್ಲೆಯ ಎಲೆಯ ನಡುವೆ ಒಂದು ಸಣ್ಣ ಕಾಗದದ ಚೀಟಿ ಒತ್ತಿರುತ್ತಿತ್ತು. ಹಳೆಯದಾದಷ್ಟೂ ರುಚಿ ಎನ್ನುತ್ತಿದ್ದ. ಕತ್ತಲೆ, ಬಿಸುಪು, ತುಸು ಹಸಿ ಇದ್ದಲ್ಲಿ ಅದು ಚೆನ್ನಾಗಿ ಹಣ್ಣಾಗುತ್ತದಂತೆ. ಅವನ ಬಟ್ಟಲಿಗೆ ಯಾರಾದರೂ ಚಹಾ ಸುರಿದರೆ ಸೊರ್ರೆಂದು ಎಳೆದು, ಎರಡು ಬೆರಳಿನಿಂದ ಹಲಗೆಯ ಮೇಲೆ ಮೂರು ಸಲ ತಟ್ಟುತ್ತಿದ್ದ. ಉಪಕಾರವಾಯಿತು ಎನ್ನುವ ಬಗೆ ಅವನ ನಾಡಿನಲ್ಲಿ ಹಾಗಂತೆ.

ನಮ್ಮ ಮನೆಯಲ್ಲಿ ಆ ಬಿಲ್ಲೆಗಳಿಗೆ ಮರ್ಯಾದೆಯಿರಲಿಲ್ಲ. ಅವು ನೋಡಲು ಥೇಟ್ ಕುಳ್ಳು, ಒಲೆಗೆ ಹಾಕುವ ಸಗಣಿಯ ಬೆರಣಿ. ಒಂದು ಬೆಳಿಗ್ಗೆ ನಮ್ಮ ಅವ್ವ ಎರಡನ್ನು ನಿಜವಾಗಿಯೂ ಹಂಡೆಯ ಒಲೆಗೆ ಒಟ್ಟಿ ನೀರು ಕಾಯಿಸಿಬಿಟ್ಟಳು. ಆ ದಿನ ನಾನು ಊಟ ಮಾಡಲಿಲ್ಲ. ಸುದ್ದಿ ಅಕ್ಕನ ಊರಿಗೂ ಮುಟ್ಟಿತು. ಅಕ್ಕನನ್ನು ಅಕ್ಕಲಕೋಟೆ ಸೀಮೆಯಲ್ಲಿ, ದುಧನಿ ಸ್ಟೇಷನ್ನಿಗೆ ಸಮೀಪದ ಒಂದು ಹಳ್ಳಿಗೆ ಕೊಟ್ಟಿತ್ತು. ಅವಳ ಗಂಡ ಗುರಪ್ಪ ಮಾವ ದೊಡ್ಡ ಒಕ್ಕಲು, ದೊಡ್ಡ ಮಾತುಗಾರ.

“ತಮ್ಮಾ, ನಿಮ್ಮ ಸೊಲ್ಲಾಪುರದಾಗ ಕುಳ್ಳು ಕುದಿಸಿ ಕುಡ್ಯಾಕತ್ತಾರಂತ? ಮೊದಲ ಹೇಳಿದ್ರ ಒಂದು ಬಂಡಿ ತುಂಬಿ ಕಳಸ್ತಿದ್ದೆನಲ್ಲೋ” ಎಂದು ಕಂಡಾಗಲೆಲ್ಲ ಕಾಡುತ್ತಿದ್ದ.

ಅವನ ಹಗೇವು ನೋಡಿದಾಗಲೇ ನನಗೆ ಆ ಯೋಚನೆ ಹೊಳೆದದ್ದು. ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿ, ಒಳಗೆ ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಾರೆ. ಕತ್ತಲೆ, ಬಿಸುಪು, ತುಸು ಹಸಿ. ಚೀನಿಸೇಠ ಹೇಳಿದ್ದೆಲ್ಲ ಅಲ್ಲಿತ್ತು. ಆ ವರ್ಷ ಪೀಕು ಕಡಿಮೆಯಾಗಿ ಹಗೇವು ಅರ್ಧಕ್ಕೇ ನಿಂತಿತ್ತು. ಜೋಳದ ಮೇಲೆ ಹುಲ್ಲು ಹಾಸಿ, ನನ್ನ ಒಂದು ಕಟ್ಟನ್ನು ಇಟ್ಟು, ಮಾವ ನಗುನಗುತ್ತಲೇ ಬಾಯಿ ಮುಚ್ಚಿಸಿದ.

ಮೂರು ವರ್ಷದ ನಂತರ ಹಗೇವು ತೆಗೆಯುತ್ತೇವೆಂದು ಹೇಳಿಕಳಿಸಿದರು. ಅಂಗಡಿಯ ರಜೆಯ ದಿನ ಬೆಳಗಿನ ಗಾಡಿಗೆ ಹೋದೆ. ಸಂಜೆಯ ಗಾಡಿಗೆ ಚಹಾದೊಂದಿಗೆ ತಿರುಗಿ ಬರುವ ಲೆಕ್ಕ. ಆದರೆ ಹೋದಾಗ ಚಪ್ಪಡಿ ಆಗಷ್ಟೇ ಸರಿಸಿದ್ದರು. ಹಗೇವಿನೊಳಗೆ ಕೂಡಿದ ಗಾಳಿ ವಿಷ. ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುವುದು ಪದ್ಧತಿ. ದೀಪ ಜೋಳಕ್ಕೆ ತಾಗಿ, ಮೇಲಿನವರು ಒಂದು ಎಲೆ ಅಡಿಕೆ ಜಗಿದು ಮುಗಿಸುವ ತನಕ ಉರಿಯಬೇಕು. ಆಗ ಮಾತ್ರ ಮನುಷ್ಯ ಇಳಿಯಬೇಕು. ಮಾವ ಚಿಕ್ಕವನಿದ್ದಾಗ ಅವನ ಕಾಕಾ ದೀಪ ಬಿಡದೆ ಇದೇ ಹಗೇವಿಗೆ ಇಳಿದು ಮೇಲೆ ಬಂದಿರಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಆಳುಗಳನ್ನು ಮೊದಲು ಇಳಿಸುವ ರೂಢಿಯಿಲ್ಲ, ಯಜಮಾನನೇ ಇಳಿಯಬೇಕು.

“ನಾಳಿ ಇಳಿಯೂಣು. ಇವತ್ತ ಇಲ್ಲೇ ವಸ್ತಿ ಮಾಡು” ಎಂದ ಮಾವ.

ನಾನು ಕೇಳಲಿಲ್ಲ. ಅಂಗಡಿ ತೆಗೆಯಬೇಕು, ಗಿರಾಕಿ ಬರುತ್ತಾರೆ ಎಂದೆ. ನಿಜ ಹೇಳಬೇಕೆಂದರೆ ಅಂಗಡಿ ನೆಪ. ಮೂರು ವರ್ಷ ಕಾದವನಿಗೆ ಒಂದು ದಿನ ಕಾಯಲಾಗಲಿಲ್ಲ. ದೀಪ ಬಿಟ್ಟು ನೋಡೋಣ, ಉರಿದರೆ ಇಳಿಯಿರಿ ಎಂದು ಬೆನ್ನು ಹತ್ತಿದೆ. ಊಟ ಮುಗಿದು ಬಿಸಿಲು ಓರೆಯಾಗಿತ್ತು. ಮಾವ ಒಪ್ಪಿದ. ಅವನು ನಡುವಿಗೆ ಹಗ್ಗ ಬಿಗಿಸಿಕೊಳ್ಳುತ್ತ ಹಗೇವಿಗೆ ಬೆನ್ನು ಮಾಡಿ ನಿಂತಿದ್ದ. ಮನೆಯ ಹಳೆಯ ಆಳು ಲಚ್ಚಪ್ಪ ಹಗ್ಗದ ಇನ್ನೊಂದು ತುದಿಯನ್ನು ಬೇವಿನ ಬೊಡ್ಡೆಗೆ ಸುತ್ತುತ್ತಿದ್ದ. ಕಂದೀಲು ಇಳಿಬಿಟ್ಟವನು ನಾನು.

ಅರ್ಧಕ್ಕೆ ಹೋಗುವಷ್ಟರಲ್ಲಿ ಉರಿ ಸಣ್ಣದಾಯಿತು. ನಾನು ನಿಲ್ಲಿಸಿದೆ. ಒಂದು ಗೇಣು ಮೇಲಕ್ಕೆಳೆದೆ, ಉರಿ ಎದ್ದು ನಿಂತಿತು. ಅಲ್ಲೇ ಹಿಡಿದುಕೊಂಡೆ.

“ಉರ್ಯಾಕತ್ತದೇನೋ?”

“ಉರ್ಯಾಕತ್ತದ ಮಾವ, ಇಳೀರಿ” ಎಂದೆ.

ಇದೇ ನನ್ನ ತಪ್ಪು. ಅವನು ಇಳಿಯುವಷ್ಟರಲ್ಲಿ ಗಾಳಿ ಸರಿಯಾದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕಂದೀಲು ಮೇಲೆತ್ತಿ ಪಕ್ಕಕ್ಕಿಟ್ಟೆ. ಮಾವ ಬಾಯಿಯ ಅಂಚಿಗೆ ಕುಳಿತು ಎರಡೂ ಕಾಲು ಒಳಗೆ ಬಿಟ್ಟ, ಅಂಗೈ ಊರಿ ಇನ್ನೇನು ಜಾರಬೇಕು.

ಆಗ ಹಗೇವಿನೊಳಗಿಂದ ಸೊರ್ರೆಂದು ಚಹಾ ಎಳೆದ ಸಪ್ಪಳ ಬಂತು. ಬಿಸಿಯಾದದ್ದನ್ನು ಎಳೆಯುವ ಹಾಗೆ, ನಿಧಾನವಾಗಿ. ಅದರ ಹಿಂದೆಯೇ ಹಲಗೆಯ ಮೇಲೆ ಬೆರಳು ತಟ್ಟಿದ ಸಪ್ಪಳ. ಮೂರು ಸಲ. ಹಗೇವಿನಲ್ಲಿ ಹಲಗೆಯೆಲ್ಲಿದೆ? ಅಲ್ಲಿರುವುದು ಹುಲ್ಲು, ಜೋಳ.

ಮಾವ ಕಾಲು ಮೇಲೆ ಸೆಳೆದುಕೊಂಡು ಹಿಂದಕ್ಕೆ ಬಿದ್ದ. ಅವನಂಥ ಮಾತುಗಾರನ ದನಿ ಪಿಸುಗುಡುವಷ್ಟಕ್ಕೆ ಇಳಿದಿತ್ತು.

“ಕೆಳಗ ಯಾರೋ ಅದಾರ. ಏನೋ ಕುಡ್ಯಾಕತ್ತಾರ.”

ಲಚ್ಚಪ್ಪನನ್ನು ಕೇಳಿದರೆ, “ನನಗೇನೂ ಕೇಳಸಲಿಲ್ಲರಿ ಗೌಡ್ರ” ಎಂದ. ಲಚ್ಚಪ್ಪನ ಕಿವಿ ಮೊದಲೇ ಮಂದ. ಅವನ ಸಾಕ್ಷಿ ನನಗೆ ಆಗಲೂ ಉಪಯೋಗಕ್ಕೆ ಬರಲಿಲ್ಲ, ಈಗಲೂ ಬರುತ್ತಿಲ್ಲ.

“ಕಂದೀಲ ಪೂರಾ ಕೆಳಗ ಬಿಡು. ಯಾರಂತ ನೋಡೇಬಿಡೂಣು” ಎಂದ ಮಾವ. ಮೂವರೂ ಬಗ್ಗಿ ನೋಡುತ್ತಿದ್ದೆವು. ನನಗೆ ಬೇರೆ ದಾರಿಯಿರಲಿಲ್ಲ. ನಾನು ಮೊದಲು ನಿಲ್ಲಿಸಿದ್ದ ಜಾಗವನ್ನು ದಾಟಿ ದೀಪ ಕೆಳಗಿಳಿಯಿತು. ಒಂದು ಗಳಿಗೆ ಹುಲ್ಲು, ಜೋಳ, ಇಟ್ಟಲ್ಲೇ ಇದ್ದ ಚಹಾದ ಕಟ್ಟು ಕಂಡವು. ಮನುಷ್ಯನ ಸುಳಿವಿಲ್ಲ. ಆಮೇಲೆ ಯಾರೋ ಚಿವುಟಿದಂತೆ ದೀಪ ಆರಿತು.

“ಈಗರೆ ಉರೀತಿತ್ತಲ್ಲೋ?”

“ಗಾಳಿ ತಿರುಗಿರಬೇಕು ಮಾವ” ಎಂದೆ. ಅದು ನನ್ನ ಎರಡನೆಯ ಸುಳ್ಳು.

ಸಂಜೆಯ ಗಾಡಿಗೆ ನಾನು ಹೋಗಲಿಲ್ಲ. ಮರುದಿನ ಮಧ್ಯಾಹ್ನ ದೀಪ ಜೋಳ ಮುಟ್ಟಿ, ಎಲೆ ಅಡಿಕೆ ಮುಗಿಯುವ ತನಕ ನೆಟ್ಟಗೆ ಉರಿಯಿತು. ಮಾವ ಇಳಿದು ಕಟ್ಟನ್ನು ಮೇಲೆ ಕಳಿಸಿದ. ಬಿದಿರಿನ ಸಿಪ್ಪೆ ಎಲ್ಲೂ ಸೀಳಿರಲಿಲ್ಲ, ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಒಳಗೆ ಏಳು ಬಿಲ್ಲೆ, ಚೀಟಿಗಳ ಸಮೇತ. ಅಕ್ಕನ ಒಲೆಯ ಮೇಲೆ ಒಂದೊಂದರಿಂದ ಒಂದು ಚೂರು ತೆಗೆದು ಕುದಿಸಿದೆ. ಆರು ಬಿಲ್ಲೆಗಳ ಚಹಾ ಕಪ್ಪಗೆ, ಗಟ್ಟಿಯಾಗಿ, ನಾನು ಆಸೆಪಟ್ಟದ್ದಕ್ಕಿಂತ ಚೆನ್ನಾಗಿ ಇಳಿಯಿತು. ನಡುವಿನದು, ಮೇಲಿನಿಂದಲೂ ಕೆಳಗಿನಿಂದಲೂ ನಾಲ್ಕನೆಯದು, ಎಷ್ಟು ಕುದಿಸಿದರೂ ನೀರು ನೀರಾಗಿಯೇ ಉಳಿಯಿತು. ಬಣ್ಣವಿಲ್ಲ, ವಾಸನೆಯಿಲ್ಲ. ಎಲೆ ಬಿಡಿಸಿ ನೋಡಿದರೆ ಕುದಿಸಿ ಸೋಸಿ ಎಸೆದ ಚರಟದ ಹಾಗೆ ಸಪ್ಪಗಿತ್ತು. ನಾನು ಬಟ್ಟಲು ಕೆಳಗಿಟ್ಟೆ.

ಅಕ್ಕನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. “ಹಿರ್ಯಾರಿಗೆ ಎಡಿ ಹಿಡದಾಗ ಅನ್ನ ಹಂಗ ಇರ್ತದ. ಅದರಾಗಿನ ರುಚಿ ಅಷ್ಟ ಅವ್ರು ತಗೊಂಡು ಹೋಗ್ತಾರ. ಕಾಕಾ ಕುಡದಾನ, ಕುಡೀಲಿ ಬಿಡು” ಎಂದಳು. ಆದರೆ ಕಾಕಾ ಸಾಯುವಾಗ ಆ ಊರಿಗೆ ಚಹಾ ಎಂಬುದೇ ಕಾಲಿಟ್ಟಿರಲಿಲ್ಲ. ಚಹಾ ಕುಡಿದು ಎರಡು ಬೆರಳಿನಿಂದ ಮೂರು ಸಲ ತಟ್ಟಬೇಕೆಂದು ಅವನಿಗೆ ಯಾರು ಹೇಳಿಕೊಟ್ಟರು?

ಚೀನಿಸೇಠ ದಾರಿಯಲ್ಲೆಲ್ಲೋ ಸತ್ತಿರಬೇಕು ಎಂದು ನಾನು ಒಳಗೊಳಗೆ ತೀರ್ಮಾನಿಸಿಕೊಂಡಿದ್ದೆ. ನಂಬದವನು ನಂಬಲು ಹೊರಟರೆ ಹೀಗೆಯೇ. ಆ ಚಳಿಗಾಲ ಅವನು ಎಂದಿನಂತೆ ಗಂಟು ಹೊತ್ತು ನಗುತ್ತ ಬಂದ. ನಾನು ಏನೂ ಹೇಳದೆ ಆ ನಡುವಿನ ಬಿಲ್ಲೆಯನ್ನೇ ಕುದಿಸಿ ಕೊಟ್ಟೆ. ಒಂದು ಗುಟುಕು ಎಳೆದ. ಬೆರಳು ತಟ್ಟಲಿಲ್ಲ. ಬಟ್ಟಲು ಇಟ್ಟು, ಇದು ಯಾರೋ ಕುಡಿದಾದ ಚಹಾ ಎಂದು ತನ್ನ ಮುರುಕು ಹಿಂದುಸ್ತಾನಿಯಲ್ಲಿ ಹೇಳಿದ. ಆಮೇಲೆ ನನ್ನ ಮುಖ ನೋಡಿ, “ಸೇಠ, ಕೌನ್ ಪಿಯಾ?” ಯಾರು ಕುಡಿದದ್ದು ಎಂದು ಕೇಳಿದ.

ಮಾವ ಅದಾದ ಮೇಲೆ ಬಹಳ ವರ್ಷ ಬಾಳಿದ. ಮನೆಗೆ ಯಾರು ಬಂದರೂ ನನ್ನ ಹೆಗಲ ಮೇಲೆ ಕೈ ಹಾಕಿ, “ಇಂವ ಎರಡನೇ ಸರ್ತಿ ಕಂದೀಲ ಬಿಟ್ಟ, ಅದಕ್ಕ ನಾ ಉಳದೆ” ಎಂದು ಹೇಳುತ್ತಿದ್ದ. ಪ್ರತಿ ಸಲವೂ ನಾನು ತಲೆ ತಗ್ಗಿಸಿ ಆ ಮಾತು ಕೇಳಿದೆ, ಕೊನೆಯವರೆಗೂ ನಿಜ ಹೇಳಲಿಲ್ಲ. ಈಗ ಅವನಿಲ್ಲ, ಅಕ್ಕನೂ ಇಲ್ಲ. ಬಿಸಿಗೆ ಒಂದು ಬಿಲ್ಲೆ ಕೆಟ್ಟಿರಬಹುದು, ಅಳುಕಿದ ಮನಸ್ಸಿಗೆ ಸಪ್ಪಳ ಕೇಳಿಸಿರಬಹುದು ಎಂದು ನೀವು ಹೇಳಬಹುದು. ನಾನೂ ಹೇಳಿಕೊಂಡು ನೋಡಿದ್ದೇನೆ. ಆದರೆ ಅಳುಕಲು ಕಾರಣವಿದ್ದದ್ದು ನನಗೊಬ್ಬನಿಗೆ, ಮಾವನಿಗೇಕೆ ಕೇಳಿಸಿತು? ಇನ್ನೊಂದು ಮಾತು ಇದಕ್ಕಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಮೇಲಿದ್ದ ಇಬ್ಬರೂ ಆಗ ಬೇರೆ ಕಡೆ ಮುಖ ಮಾಡಿದ್ದರು. ನಾನು ದೀಪವನ್ನು ಅರ್ಧಕ್ಕೆ ನಿಲ್ಲಿಸಿದ್ದು ಕಾಣುವಂತಿದ್ದರೆ ಅದು ಕೆಳಗಿನಿಂದ ಮಾತ್ರ.