ಮೊದಲ ಸಲಕ್ಕೆ ‘ಬೇಡ’ ಎಂದವನು

“ಹಾಗಾದ್ರೆ ಕೆಲ್ಸಕ್ಕೆ ಬರ್ತೀರಲ್ಲ ಭಟ್ರೆ?” ಎಂದು ಮಾಲೀಕ ಸಾಹೇಬರು ಕೇಳಿದರು. “ಅಯ್ಯೋ, ಬೇಡ ಬೇಡ” ಎಂದುಬಿಟ್ಟೆ ನಾನು!

ಶಿರಸಿಯ ಲಾರಿ ಸಾಗಣೆ ಕಚೇರಿಯೊಂದರ ಸಂದರ್ಶನ ಅದು. ಎಂ.ಎ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನಗೆ ಆ ಕೆಲಸ ಬೇಕೇ ಬೇಕಿತ್ತು. ‘ನಿಮ್ಮ ದೌರ್ಬಲ್ಯವೇನು?’, ‘ಇಷ್ಟು ದಿನ ಏನು ಮಾಡಿದಿರಿ?’ ಎಂಬ ತೊಡಕಿನ ಪ್ರಶ್ನೆಗಳಿಗೆಲ್ಲ ಬಾಯಿಪಾಠ ಮಾಡಿಟ್ಟ ಉತ್ತರ ಒಪ್ಪಿಸಿದ್ದೆ. ಸುಲಭದ ಪ್ರಶ್ನೆಗೆ ಮಾತ್ರ ಊಟದ ಪಂಕ್ತಿಯ ಅಭ್ಯಾಸ ಬಾಯಿಗೆ ಬಂತು. ಹೋಳಿಗೆ ಎಷ್ಟೇ ಇಷ್ಟವಿದ್ದರೂ ಮೊದಲ ಸಲಕ್ಕೇ ಹೂಂ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಮುಂದಿನವರನ್ನು ಕರೆಯಲು ಗುಮಾಸ್ತರು ಎದ್ದರು. ಸಾಹೇಬರು ಅವರನ್ನು ತಡೆದು ನಕ್ಕರು. “ಕೂತ್ಕೊಳ್ರೀ. ಇವ್ರ ಕಡೆ ಎಷ್ಟು ಮದುವೆ ಊಟ ಉಂಡಿಲ್ಲ ನಾನು! ಕೈ ನೋಡಿ, ಬಾಳೆಲೆಗೆ ಅಡ್ಡ ಹಿಡಿದ ಹಾಗೆ ಫೈಲಿಗೆ ಹಿಡ್ದಿದ್ದಾರೆ. ತುಪ್ಪ ಇಳೀಲಿ ಅಂತ ಬೆರಳ ಸಂದಿ ಬೇರೆ ಬಿಟ್ಟಿದ್ದಾರೆ.” ಆಮೇಲೆ ನನ್ನತ್ತ ತಿರುಗಿದರು. “ಇನ್ನೊಂದ್ ಸಲ ಬಡಿಸ್ತೇನೆ. ಬರ್ತೀರಾ?”

“ಒಂಚೂರು... ಅಲ್ಲಲ್ಲ, ಪೂರ್ತಿ ಬರ್ತೆ” ಎಂದೆ.

ನಾನು ನಿಜಕ್ಕೂ ಕೈ ಹಾಗೆ ಹಿಡಿದಿದ್ದೆನೋ, ಸಾಹೇಬರು ಹೇಳಿ ಹೇಳಿಯೇ ಅದು ನನ್ನ ನೆನಪಿಗೆ ಸೇರಿತೋ, ಈಗ ಖಾತ್ರಿಯಿಲ್ಲ. ಆದರೂ ಹೊಸಬರ ಸಂದರ್ಶನದಲ್ಲಿ ಸಾಹೇಬರ ಪಕ್ಕ ಕುಳಿತಾಗ, ಯಾರಾದರೂ ‘ಬೇಡ’ ಎಂದರೆ ಮೊದಲು ಅವರ ಬೆರಳಿನ ಸಂದಿ ನೋಡುತ್ತೇನೆ.