ಅಕ್ಕನ ಹೆಸರಿನ ಹೊದಿಕೆ

ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ. ಅಕ್ಕನನ್ನು ನೋಡಲು ಮುಧೋಳದವರು ಬಂದ ದಿನ ಅವ್ವ ನನ್ನ ಕ್ರೋಶಾ ಹೊದಿಕೆಯನ್ನು ಅವರ ಮುಂದೆ ಹರವಿ, "ಇದೆಲ್ಲಾ ನಮ್ಮ ಹಿರೀಮಗಳು ಮಾಡಿದ್ದರಿ" ಎಂದಳು. ಬನಹಟ್ಟಿಗೆ ಹೋಗಿ ದಾರ ಆರಿಸಿ ತಂದು ಮೂರು ತಿಂಗಳು ಹೆಣೆದವಳು ನಾನು. ಅಕ್ಕನಿಗೆ ಸೂಜಿ ಹಿಡಿಯಲೂ ಬರುತ್ತಿರಲಿಲ್ಲ.

ಅವರು ಹೋದ ಮೇಲೆ ನಾನು ರೇಗಿದರೆ, "ನಿನ್ನ ಕೈ ಏನ್ ಸವದ್ ಹೋಗ್ತಾವೇನ ಬೇ? ನಿನ್ನ ಪಾಳಿ ಬಂದಾಗ ಮತ್ತೊಂದು ಹೆಣಕೋ" ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು.

ಮದುವೆಯಾದಾಗ ಆ ಹೊದಿಕೆ, ನಾನೇ ಲೇಸು ಹೆಣೆದ ದಿಂಬಿನ ಚೀಲ, ಬಾಗಿಲ ತೋರಣ ಎಲ್ಲವೂ ಅಕ್ಕನ ಜೊತೆ ಹೋದವು. ಅವಳ ಅತ್ತೆ ಹೊಗಳಿ ಇನ್ನಷ್ಟು ಕೇಳಿದಾಗಲೆಲ್ಲ ನನಗೆ ಅಕ್ಕನ ಫೋನು ಬರುತ್ತಿತ್ತು. ನಾನು ಬೈಯುತ್ತಲೇ ಹೆಣೆದು ಕಳಿಸುತ್ತಿದ್ದೆ. ನನಗೆಂದು ಒಂದೂ ಉಳಿಯಲಿಲ್ಲ.

ಮುಂದಿನ ವರ್ಷ ನನ್ನನ್ನು ನೋಡಲು ಬಂದವರು ಅಕ್ಕನ ಅತ್ತೆಯ ಸಂಬಂಧಿಕರೇ. ಹುಡುಗನ ತಾಯಿ ಮನೆಯಲ್ಲೆಲ್ಲ ಕಣ್ಣಾಡಿಸಿ, "ಅಕ್ಕನಂಗ ತಂಗಿಗಿ ಕೈಕೆಲಸ ಬರೂದಿಲ್ಲೇನ್ರಿ?" ಎಂದು ಕೇಳಿದರು. ಚಹಾದ ತಟ್ಟೆ ಹಿಡಿದಿದ್ದ ನನ್ನ ಬೆರಳಿನ ಚರ್ಮ ಸೂಜಿ ಒತ್ತಿ ಒತ್ತಿ ಗಟ್ಟಿಯಾಗಿತ್ತು. ನಾನು ಅವ್ವನನ್ನೇ ನೋಡಿದೆ.

"ಇನ್ನೂ ಸಣ್ಣಾಕಿ ಅದಾಳರಿ," ಎಂದಳು ಅವ್ವ. "ಅಕ್ಕನ ಕಡೆ ಕುಂತು ಕಲ್ಕೋತಾಳ."